ಮಂಗಳೂರಿನ ಓಣಿ ಹೋಟೆಲುಗಳು

ಮಂಗಳೂರಿಗೆ ಹೋಗಿಬಂದವರನ್ನು ‘ಅಲ್ಲಿ ಏನು ತಿಂದಿರಿ?’ ಎಂದು ಕೇಳಿ ನೋಡಿ. ಬಹುಮಂದಿ ಗಡ್‌ಬಡ್ ಐಸ್‌ಕ್ರೀಮಿನ ಹೆಸರು ಹೇಳುತ್ತಾರೆ. ಅದನ್ನು ತಿಂದದ್ದೂ ಬಹುಶಃ 1975ರಲ್ಲಿ ಪ್ರಾರಂಭವಾದ ಐಡಿಯಲ್ ಐಸ್‌ಕ್ರೀಮಿನ ಅಂಗಡಿಯಲ್ಲೇ. ಇನ್ನು ಕೆಲವರು ತಣ್ಣನೆಯ ಗಾಳಿ ಬೀಸುವ ದೊಡ್ಡ ಹೋಟೆಲೊಂದರಲ್ಲಿ ಅಂಜಲ್ ಮೀನಿನ ತುಂಡು ತಿಂದುದನ್ನು ವರ್ಣಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹೆಸರು ಮಾಡಿದ ಅಂಗಡಿ ಸುಮ್ಮನೆ ಹೆಸರು ಮಾಡಿರುವುದಿಲ್ಲ. ಆದರೆ ಜಗಲಿಯಲ್ಲಿ ಕುಳಿತು ಎದ್ದುಬಂದವನು ಮನೆಯನ್ನು ನೋಡಿದಂತಾಗುವುದಿಲ್ಲ. ಮಂಗಳೂರಿನ ಅಡಿಗೆಮನೆ ಇರುವುದು ಓಣಿಗಳಲ್ಲಿ. ನಾಲ್ಕು ಮೇಜು, ಎಂಟು ಬೆಂಚು, ಮಾಸಿದ ಹೆಸರುಹಲಗೆ, ಹೊತ್ತು ನೋಡಿ ತೆರೆದು ಹೊತ್ತು ನೋಡಿ ಮುಚ್ಚುವ ಬಾಗಿಲು: ಇಷ್ಟೇ ಆಸ್ತಿಯಿರುವ ಸಣ್ಣ ಹೋಟೆಲುಗಳಲ್ಲಿ.

ಇವುಗಳನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಹೆಸರುಗಳ ಪಟ್ಟಿ ಹೆಚ್ಚು ಉಪಯೋಗಕ್ಕೆ ಬಾರದು. ಸಣ್ಣ ಹೋಟೆಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ರಸ್ತೆ ಅಗಲವಾದಾಗ ಪಕ್ಕದ ಓಣಿಗೆ ಸರಿಯುತ್ತದೆ. ಎಷ್ಟೋ ವೇಳೆ ಊರಿನವರಿಗೇ ಅದರ ಬರೆದ ಹೆಸರು ಗೊತ್ತಿರುವುದಿಲ್ಲ, ನಡೆಸುವವರ ಹೆಸರಿನಿಂದ ಕರೆಯುತ್ತಾರೆ. ಈಚೆಗೆ ಮೊಬೈಲಿನಲ್ಲಿ ಹೋಟೆಲುಗಳಿಗೆ ಎಷ್ಟು ನಕ್ಷತ್ರ ಬಿದ್ದಿವೆ ಎಂದು ಎಣಿಸಿ ಊಟಕ್ಕೆ ಹೊರಡುವ ಒಂದು ಬಗೆಯ ಜ್ಯೋತಿಷ್ಯ ಬಳಕೆಗೆ ಬಂದಿದೆ. ಆ ಆಕಾಶದಲ್ಲಿ ಓಣಿಯ ಹೋಟೆಲು ಅನೇಕ ವೇಳೆ ಕಾಣಿಸುವುದೇ ಇಲ್ಲ. ಆದುದರಿಂದ ಹೆಸರನ್ನು ಹುಡುಕುವುದಕ್ಕಿಂತ ಲಕ್ಷಣಗಳನ್ನು ತಿಳಿದುಕೊಳ್ಳುವುದು ಮೇಲು. ಲಕ್ಷಣ ಬಲ್ಲವನಿಗೆ ಲಕ್ಷ್ಯ ತಾನಾಗಿಯೇ ಸಿಕ್ಕುತ್ತದೆ. ಆ ಲಕ್ಷಣಗಳು ಮೂರು: ಒಂದು ಹೊತ್ತು, ಎರಡು ಬೀದಿಯ ಕಸುಬು, ಮೂರು ಋತು.

ಅವುಗಳನ್ನು ವಿವರಿಸುವ ಮೊದಲು ಊರಿನ ಹೆಸರನ್ನೇ ಸ್ವಲ್ಪ ನೋಡೋಣ. ಕನ್ನಡದಲ್ಲಿ ಅದು ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ. ನಾಲ್ಕು ಭಾಷೆಯವರು ನಾಲ್ಕು ಹೆಸರಿಟ್ಟು ಕರೆಯುವ ಊರಿನಲ್ಲಿ ಒಲೆ ಮಾತ್ರ ಒಂದೇ ಆಗಿರಲಾರದಷ್ಟೆ? ಆದರೂ ಆ ಎಲ್ಲ ಒಲೆಗಳ ಮುಂದೆ ಇರುವ ಸಾಮಗ್ರಿ ಹೆಚ್ಚು ಕಡಮೆ ಒಂದೇ: ಅಕ್ಕಿ, ತೆಂಗಿನಕಾಯಿ, ಒಣಮೆಣಸು, ಹುಣಿಸೆಹುಳಿ, ತೆಂಗಿನೆಣ್ಣೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಧಾತು ಒಂದೇ, ಪ್ರತ್ಯಯಗಳು ಬೇರೆ. ತೆಂಗಿನತುರಿಯನ್ನು ಮಸಾಲೆಯೊಡನೆ ನುಣ್ಣಗೆ ಅರೆದು ಸಡಿಲ ಮಾಡಿದರೆ ಗಸಿ. ತುರಿಯನ್ನು ತರಿಯಾಗಿಯೇ ಉಳಿಸಿ ನೀರಾರಿಸಿದರೆ ಸುಕ್ಕ. ತೆಂಗನ್ನು ಬದಿಗಿಟ್ಟು ಹುಳಿ ಮತ್ತು ಮೆಣಸಿನ ಬಲದಿಂದಲೇ ಮಾಡಿದರೆ ಪುಳಿಮುಂಚಿ. ಈ ಮೂರು ಶಬ್ದಗಳನ್ನು ತಿಳಿದುಕೊಂಡು ಹೋದರೆ ಮಂಗಳೂರಿನ ಸಣ್ಣ ಹೋಟೆಲಿನಲ್ಲಿ ಅರ್ಧ ಪರೀಕ್ಷೆ ಪಾಸಾದ ಹಾಗೆ.

ಇನ್ನೊಂದು ಮಾತು. ಕರಾವಳಿಯ ಅಡಿಗೆಯೆಂದರೆ ನಮಗೆ ಗೊತ್ತಿದೆಯಲ್ಲ, ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಉಡುಪಿ ಹೋಟೆಲುಗಳಿವೆಯಲ್ಲ ಎಂದು ತಾವು ಕೇಳಬಹುದು. ನಿಜ. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಪ್ರಾರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಯಿತು. 1942ರಲ್ಲಿ ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಊಟದ ಮನೆ ತೆರೆದರು. ಹೀಗೆ ಊರು ಬಿಟ್ಟು ಹೋದವರ ಸಾಹಸ ದೊಡ್ಡದು. ಆದರೆ ಪರಸ್ಥಳದಲ್ಲಿ ಅಂಗಡಿ ಇಟ್ಟವನು ಪರಸ್ಥಳದವರ ನಾಲಗೆಗೂ ಒಗ್ಗುವುದನ್ನೇ ಮುಂದೆ ಮಾಡಬೇಕಾಗುತ್ತದೆ. ಇಡ್ಲಿ, ದೋಸೆ, ಸಾಂಬಾರು ದೇಶವನ್ನೆಲ್ಲ ಸುತ್ತಿದವು. ಬಿಸ್ಕುಟ್ ರೊಟ್ಟಿ, ಮೂಡೆ, ಸಜ್ಜಿಗೆ ಬಜಿಲ್ ಮೊದಲಾದವು ಅಷ್ಟು ದೂರ ಹೋಗಲಿಲ್ಲ. ಅವುಗಳನ್ನು ಊರಿನಲ್ಲೇ ಉಳಿದವರು ಓಣಿಯಲ್ಲಿ ಉಳಿಸಿಕೊಂಡರು. ಹೋದವರ ಕಥೆಯನ್ನು ನಾವು ಬಹಳ ಕೇಳಿದ್ದೇವೆ. ಉಳಿದವರ ಅಂಗಡಿಗೆ ಇನ್ನೂ ಹೋಗಿಲ್ಲ.

ಈಗ ಮೊದಲನೆಯ ಲಕ್ಷಣಕ್ಕೆ ಬರೋಣ. ಓಣಿಯ ಹೋಟೆಲಿಗೆ ತಿಂಡಿಗಿಂತ ಮೊದಲು ಹೊತ್ತು ಇದೆ. ದೊಡ್ಡ ಹೋಟೆಲಿನಲ್ಲಿ ಬೆಳಗಿನ ಏಳಕ್ಕೂ ರಾತ್ರಿಯ ಏಳಕ್ಕೂ ಪಟ್ಟಿ ಒಂದೇ ಇರಬಹುದು. ಇಲ್ಲಿ ಹಾಗಲ್ಲ, ಮತ್ತು ಹಾಗಲ್ಲದಿರುವುದಕ್ಕೆ ಕಾರಣವಿದೆ. ಬನ್ಸ್ ಎಂಬ ತಿಂಡಿಯನ್ನು ತೆಗೆದುಕೊಳ್ಳಿ. ಹೆಸರು ಇಂಗ್ಲಿಷಿನದಾದರೂ ಬೇಕರಿಯ ಬನ್ನಿಗೂ ಇದಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಮೊಸರು, ಸ್ವಲ್ಪ ಜೀರಿಗೆ, ಚಿಟಿಕೆ ಸೋಡಾ ಸೇರಿಸಿ, ಮೈದಾ ಹಿಟ್ಟಿನೊಡನೆ ಕಲಸಿ ರಾತ್ರಿಯೆಲ್ಲ ಇಡುತ್ತಾರೆ. ಬೆಳಿಗ್ಗೆ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಕಂದುಬಣ್ಣಕ್ಕೆ ತಿರುಗಿ ಚೆಂಡಿನಂತೆ ಉಬ್ಬುತ್ತದೆ. ಹಿಂದಿನ ರಾತ್ರಿ ಎಷ್ಟು ಹಿಟ್ಟು ಕಲಸಿದ್ದಾರೋ ಅಷ್ಟೇ ಬನ್ಸ್, ಮುಗಿದರೆ ಮುಗಿಯಿತು. ಒಂಬತ್ತೂವರೆಗೆ ನಿಧಾನವಾಗಿ ಎದ್ದು ಹೋದವನಿಗೆ ‘ಆಯಿತಲ್ಲ’ ಎಂಬ ಉತ್ತರ ಸಿಕ್ಕಿದರೆ ಅದು ಅನಾದರವಲ್ಲ, ಲೆಕ್ಕ.

ಬೆಳಗಿನ ಹೊತ್ತಿಗೆ ವೆಂಕಟರಮಣ ದೇವಸ್ಥಾನದ ರಥಬೀದಿ ಮತ್ತು ಅದರ ಸುತ್ತಿನ ಓಣಿಗಳು ಒಳ್ಳೆಯವು. ಇದು ಗೌಡ ಸಾರಸ್ವತರು ಬಹುಕಾಲದಿಂದ ನೆಲಸಿದ ಭಾಗ. ಹೋಟೆಲಿನ ಹಲಗೆಯಲ್ಲಿ ಕೊಂಕಣಿ ಅಡಿಗೆಮನೆ ಕಾಣುತ್ತದೆ. ಬಿಸ್ಕುಟ್ ರೊಟ್ಟಿಯೆಂದರೆ ಒಳಗೆ ಖಾರದ ಹೂರಣ ತುಂಬಿ ಗರಿಗರಿಯಾಗಿ ಕರಿದ ಪುಟ್ಟ ಪೂರಿ. ಬಿಸ್ಕುಟ್ ಅಂಬಡೆಯೆಂದರೆ ಶುಂಠಿ, ಹಸಿಮೆಣಸು, ಕಾಯಿಚೂರು ಸೇರಿಸಿದ ಉದ್ದಿನ ಹಿಟ್ಟಿನ ತೂತಿಲ್ಲದ ಗುಂಡು ವಡೆ. ಎರಡರಲ್ಲಿಯೂ ಬಿಸ್ಕುಟು ಇಲ್ಲ. ಇವುಗಳ ಮಾತೆತ್ತಿದರೆ ಊರಿನವರು ತಾಜ್‌ಮಹಲ್ ಎಂಬ ಹಳೆಯ ಹೋಟೆಲಿನ ಹೆಸರು ಹೇಳುವುದುಂಟು. ಆದರೆ ಹೆಸರಿಲ್ಲದ ಮನೆಯಂಥ ಹೋಟೆಲಿನಲ್ಲಿ ಸಿಕ್ಕಿದರೂ ಬಿಡಬೇಡಿ. ಸಜ್ಜಿಗೆ ಬಜಿಲ್ ಎಂದು ಕೇಳಿದರೆ ಬಿಸಿ ಉಪ್ಪಿಟ್ಟು ಮತ್ತು ಒಗ್ಗರಣೆಯ ಖಾರದ ಅವಲಕ್ಕಿಯನ್ನು ಒಂದೇ ತಟ್ಟೆಯಲ್ಲಿ ಹಾಕಿಕೊಡುತ್ತಾರೆ. ಒಂದು ಮೆತ್ತಗೆ, ಇನ್ನೊಂದು ತುಸು ಬಿರುಸು, ಕಲಸಿಕೊಂಡು ತಿನ್ನಬೇಕು. ನೀರುದೋಸೆಯ ಹಿಟ್ಟಿಗೆ ಉದ್ದೂ ಇಲ್ಲ, ಹುಳಿಯೂ ಇಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಮಜ್ಜಿಗೆಯಂತೆ ತೆಳ್ಳಗೆ ಮಾಡಿ ಕಾವಲಿಯ ಮೇಲೆ ಚೆಲ್ಲಿ ಮುಚ್ಚುತ್ತಾರೆ. ಅದನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಕಾವಲಿಯಿಂದ ತಟ್ಟೆಗೆ ಬಂದರೆ ಮಾತ್ರ ಅದು ನೀರುದೋಸೆ.

ಗೋಳಿಬಜೆಯ ಹೊತ್ತು ಸಂಜೆಯ ನಾಲ್ಕು. ಹುಳಿಮೊಸರಿನಲ್ಲಿ ಮೈದಾ ಕಲಸಿ, ಹಸಿಮೆಣಸು, ಶುಂಠಿ, ಕಾಯಿಚೂರು ಹಾಕಿ, ಕೈಯಿಂದಲೇ ಎಣ್ಣೆಗೆ ಇಳಿಬಿಡುತ್ತಾರೆ. ಹೊರಗೆ ತೆಳುವಾದ ಗರಿ, ಒಳಗೆ ಹತ್ತಿಯಂಥ ಮೃದು. ಹತ್ತು ನಿಮಿಷ ಪೊಟ್ಟಣದಲ್ಲಿ ಕಟ್ಟಿಟ್ಟರೆ ಒಳಗಿನ ಹಬೆ ಹೊರಗಿನ ಗರಿಯನ್ನು ಬೆವರಿಸಿ ಮೆತ್ತಗೆ ಮಾಡುತ್ತದೆ; ಅರ್ಧ ಗಂಟೆ ಕಳೆದರೆ ರಬ್ಬರಿಗೂ ಅದಕ್ಕೂ ಅಂತರ ಕಡಮೆ. ಇಂದು ಮನೆಬಾಗಿಲಿಗೆ ತಿಂಡಿ ತರಿಸಿಕೊಳ್ಳುವ ಅನುಕೂಲ ಬಂದಿದೆ. ಆ ಅನುಕೂಲಕ್ಕೆ ಒಗ್ಗದ ತಿಂಡಿಗಳಲ್ಲಿ ಇದೂ ಒಂದು. ತಿಂಡಿಯ ಬಳಿಗೆ ನಾವೇ ನಡೆದುಹೋಗಬೇಕು.

ಎರಡನೆಯ ಲಕ್ಷಣ ಬೀದಿಯ ಕಸುಬು. ದುಡಿಯುವ ಜನ ಎಲ್ಲಿದ್ದಾರೋ ಅವರಿಗೆ ಹಸಿವು ಹತ್ತುವ ಹೊತ್ತಿಗೆ ಸರಿಯಾಗಿ ಅಲ್ಲಿ ಒಂದು ಒಲೆ ಹೊತ್ತುತ್ತದೆ. ಮಂಗಳೂರಿನಲ್ಲಿ ಇದಕ್ಕೆ ಹಳೆಯ ನಿದರ್ಶನ ಬಂದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ಬಳಿಯಲ್ಲಿ ಹಳೆಯ ಬಂದರು ಇದೆ. ದೊಡ್ಡ ಹಡಗುಗಳ ವ್ಯಾಪಾರ 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ಹೊಸ ಬಂದರಿಗೆ ಹೋಯಿತು; ಹಳೆಯ ಬಂದರಿಗೆ ಮೀನುದೋಣಿಗಳ ಧಕ್ಕೆಯೂ ಸಣ್ಣ ಸರಕುದೋಣಿಗಳೂ ಉಳಿದವು. ಬೆಳಗಿನ ಜಾವಕ್ಕೆ ಧಕ್ಕೆಯಲ್ಲಿ ಮೀನಿನ ಏಲಂ. ಹೊರೆ ಹೊರುವವರು, ಮಂಜುಗಡ್ಡೆ ಒಡೆಯುವವರು, ಬುಟ್ಟಿ ಹೊತ್ತ ಹೆಂಗಸರು, ಲಾರಿಯವರು, ಮಂಡಿಯ ಗುಮಾಸ್ತರು, ಇವರೆಲ್ಲರಿಗೂ ನಡುಹಗಲಿಗೆ ಬೇಕಾದದ್ದು ಕುಚ್ಚಲಕ್ಕಿಯ ಅನ್ನ ಮತ್ತು ಮೀನಿನ ಸಾರು. ಬತ್ತವನ್ನು ಬೇಯಿಸಿ ಒಣಗಿಸಿ ಅನಂತರ ಕುಟ್ಟಿದ ಅಕ್ಕಿಯೇ ಕುಚ್ಚಲಕ್ಕಿ. ಅಗುಳು ದಪ್ಪ, ಬಣ್ಣ ತುಸು ಕೆಂಪು. ಮೈಸೂರು ಸೀಮೆಯವರಿಗೆ ಮೊದಲ ದಿನ ಭಾರವೆನಿಸೀತು. ಮೀನಿನ ಗಸಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಬಂದರಿನ ಅಜೀಜುದ್ದೀನ್ ರಸ್ತೆಯ ನಾರಾಯಣ ಹೋಟೆಲು ಈ ಬಗೆಯ ಊಟಕ್ಕೆ ಊರಿನವರಲ್ಲಿ ಪರಿಚಿತವಾದದ್ದು. ಮಸಾಲೆ ಹಚ್ಚಿದ ಹಸಿ ಮೀನುಗಳನ್ನು ತಟ್ಟೆಯಲ್ಲಿಟ್ಟು ತಮ್ಮ ಮುಂದೆ ತರುತ್ತಾರೆ. ಬೇಕಾದದ್ದನ್ನು ಬೆರಳಿಟ್ಟು ತೋರಿಸಿದರೆ ಕಾವಲಿಯ ಮೇಲೆ ಹುರಿದು ಕೊಡುತ್ತಾರೆ. ಇಂಥ ಕಡೆ ಹೊರಗಿನವರೆಲ್ಲ ಅಂಜಲ್ ಅಥವಾ ಮಾಂಜಿ ಕೇಳುತ್ತಾರೆ. ಅವು ದೊಡ್ಡ ಮೀನು, ಬೆಲೆಯೂ ದೊಡ್ಡದು. ಊರಿನವರ ಕಣ್ಣು ಹೋಗುವುದು ಬಂಗುಡೆಯ ಕಡೆಗೆ, ಬೂತಾಯಿಯ ಕಡೆಗೆ, ಉದ್ದನೆಯ ಕಾನೆಯ ಕಡೆಗೆ. ಬೂತಾಯಿಯಲ್ಲಿ ಮುಳ್ಳು ಹೆಚ್ಚು. ಬಿಡಿಸಿ ತಿನ್ನುವ ತಾಳ್ಮೆ ಇದ್ದವರಿಗೆ ಪುಳಿಮುಂಚಿಯಲ್ಲಿ ಅದರ ರುಚಿ ಬೇರೆಯೇ. ಸಸ್ಯಾಹಾರಿಗಳಾದ ಓದುಗರು ಈ ಭಾಗವನ್ನು ಪ್ರಾಣಿಶಾಸ್ತ್ರದ ಪಾಠವೆಂದು ಓದಿಕೊಳ್ಳಬಹುದು. ಅವರಿಗಾಗಿ ದಾಳಿತೋಯ್ ಇದೆ: ಈರುಳ್ಳಿಯ ಗೋಜಿಲ್ಲದೆ, ಇಂಗು ಮೆಣಸಿನ ಒಗ್ಗರಣೆಯ ಬಲದಿಂದಲೇ ನಿಲ್ಲುವ ತೊಗರಿಬೇಳೆಯ ತೊವ್ವೆ.

ಕಸುಬಿನ ಜಾಡನ್ನು ಹೀಗೆಯೇ ಮುಂದುವರಿಸಬಹುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು; 1907ರಲ್ಲಿ ದಕ್ಷಿಣದಿಂದ ರೈಲು ಬಂತು; ಸ್ವಾತಂತ್ರ್ಯಾನಂತರ ಕಾಲೇಜುಗಳೂ ಆಸ್ಪತ್ರೆಗಳೂ ಹೆಚ್ಚಿದವು. ಒಂದೊಂದು ಕಸುಬಿನ ಜನವೂ ಒಂದೊಂದು ಬಗೆಯ ಹೋಟೆಲನ್ನು ಸಾಕುತ್ತದೆ. ಕೋರ್ಟು ಕಚೇರಿಗಳ ಬಳಿ ಹನ್ನೊಂದು ಗಂಟೆಯ ಚಾ ತಿಂಡಿ ಚೆನ್ನ. ಬಸ್ ನಿಲ್ದಾಣದ ಹಿಂದಿನ ಸಂದಿನಲ್ಲಿ ಬೆಳಗಿನ ಜಾವದ ಗಂಜಿ ಸಿಕ್ಕೀತು. ಹಳೆಯ ಇಗರ್ಜಿಗಳಿರುವ ಕೇರಿಗಳಲ್ಲಿ ಕ್ರೈಸ್ತ ಕೊಂಕಣಿಗರ ಸಣ್ಣ ಎಂಬ ತಿಂಡಿಯನ್ನು ವಿಚಾರಿಸಬೇಕು. ಅಕ್ಕಿಯ ಹಿಟ್ಟನ್ನು ಹಿಂದೆ ಶೇಂದಿ ಹಾಕಿ ಹುಳಿಬರಿಸುತ್ತಿದ್ದರು, ಈಗ ಬಹಳ ಕಡೆ ಯೀಸ್ಟ್ ಹಾಕುತ್ತಾರೆ. ಇಡ್ಲಿಯ ಸೋದರನಂತಿರುವ ಇದನ್ನು ಬಫಾತ್ ಪುಡಿಯ ಖಾರದ ಮಾಂಸದ ಸಾರಿನೊಡನೆ ತಿನ್ನುವುದು ವಾಡಿಕೆ. ಬಂದರು, ಕುದ್ರೋಳಿಗಳ ಕಡೆ ಬ್ಯಾರಿಗಳ ಹೋಟೆಲುಗಳಲ್ಲಿ ಅಕ್ಕಿಯ ಪತ್ತಿರ್ ಕೇಳಿ ನೋಡಿ. ಕೋರಿ ರೊಟ್ಟಿಯಂತೂ ತುಳುನಾಡಿನ ಸ್ವಂತ ಆಸ್ತಿ: ಹಾಳೆಯಂತೆ ತೆಳ್ಳಗೆ ಒಣಗಿದ ಅಕ್ಕಿರೊಟ್ಟಿಯನ್ನು ತಟ್ಟೆಯಲ್ಲಿ ಮುರಿದುಹಾಕಿ, ಮೇಲೆ ಕೋಳಿಯ ಗಸಿ ಸುರಿದು, ರೊಟ್ಟಿ ಪೂರ್ತಿ ನೆನೆಯುವ ಮೊದಲೇ ತಿನ್ನಬೇಕು.

ಮೂರನೆಯ ಲಕ್ಷಣ ಋತು. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದೊಡ್ಡ ಹೋಟೆಲಿನಲ್ಲಿ ಮಂಜುಗಡ್ಡೆಯಲ್ಲಿಟ್ಟ ಮೀನೋ ಪರರಾಜ್ಯದ ಮೀನೋ ಬಂದು ಪಟ್ಟಿ ಹಾಗೆಯೇ ನಡೆಯಬಹುದು. ಓಣಿಯ ಹೋಟೆಲಿನವರು ‘ಇವತ್ತು ಬಂಗುಡೆ ಇಲ್ಲ’ ಎಂದು ನೇರವಾಗಿ ಹೇಳುತ್ತಾರೆ. ಇಲ್ಲ ಎನ್ನಬಲ್ಲ ಹೋಟೆಲನ್ನು ನಂಬಬಹುದು. ಆ ದಿನಗಳಲ್ಲಿ ನಾಡದೋಣಿಯ ಅಥವಾ ಹೊಳೆಯ ಮೀನು ಸಿಕ್ಕಿದರೆ ಸಿಕ್ಕೀತು, ಇಲ್ಲವಾದರೆ ಒಣಮೀನಿನ ಚಟ್ನಿ. ಅದೇ ಕಾಲಕ್ಕೆ ತುಳುವರ ಆಟಿ ತಿಂಗಳು ಬರುತ್ತದೆ. ಮಳೆಗೆ ಕೆಸುವಿನ ಎಲೆ ಚಿಗುರುತ್ತದೆ; ಅರೆದ ಅಕ್ಕಿ, ಹುಳಿ, ಮೆಣಸುಗಳನ್ನು ಎಲೆಯ ಮೇಲೆ ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಹುಳಿ ಹಾಕುವುದು ರುಚಿಗಷ್ಟೇ ಅಲ್ಲ, ಎಲೆಯ ತುರಿಕೆಯನ್ನು ಅಡಗಿಸುವುದಕ್ಕೆ. ಶ್ರೀಕೃಷ್ಣಾಷ್ಟಮಿಯ ಸುತ್ತಿಗೆ ಮೂಡೆ, ಹಲಸಿನ ಎಲೆಯ ಕೊಟ್ಟಿಗೆ. ಹೀಗೆ ಪಂಚಾಂಗ ನೋಡಿ ಹೋದವನಿಗೆ ಒಂದೇ ಹೋಟೆಲು ವರ್ಷದಲ್ಲಿ ನಾಲ್ಕು ಹೋಟೆಲಾಗುತ್ತದೆ.

ಹೋದಮೇಲೆ ನಡೆದುಕೊಳ್ಳುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಅಚ್ಚುಹಾಕಿದ ಪಟ್ಟಿಯನ್ನು ಕೇಳಬೇಡಿ. ‘ಅಣ್ಣ, ಏನುಂಟು?’ ಎಂದು ಕೇಳಿ. ತುಳುವಿನಲ್ಲಿ ‘ದಾದ ಉಂಡು?’ ಎಂದರೆ ಮುಖದಲ್ಲಿ ನಗೆಯೂ ಕಾಣಿಸಿಕೊಳ್ಳುತ್ತದೆ. ಆತ ಒಂದೇ ಉಸಿರಿನಲ್ಲಿ ಏಳೆಂಟು ಹೆಸರು ಹೇಳಿಬಿಡುತ್ತಾನೆ. ತಿಳಿಯದಿದ್ದರೆ ‘ಈಗ ಬಿಸಿ ಯಾವುದು?’ ಎಂದು ಮತ್ತೊಂದು ಪ್ರಶ್ನೆ ಹಾಕಿ. ಈ ಪ್ರಶ್ನೆಗೆ ಬರುವ ಉತ್ತರ ತಪ್ಪುವುದು ಅಪರೂಪ. ಊಟದ ಹೊತ್ತಿಗೆ ಜಾಗ ಕಾಯಬೇಕಾದೀತು. ಊಟ ಮುಗಿಸಿ ಹರಟೆಗೆ ಕುಳಿತರೆ ನಿಂತವನ ಊಟಕ್ಕೆ ತಡೆಯಾಗುತ್ತದೆ.

ಬೆಂಚಿನ ಮೇಲೆ ಎದುರಿಗೂ ಪಕ್ಕಕ್ಕೂ ಗುರುತಿಲ್ಲದವರು ಬಂದು ಕುಳಿತುಕೊಳ್ಳುತ್ತಾರೆ. ಇದನ್ನು ಸಣ್ಣ ಸಂಗತಿಯೆಂದು ಎಣಿಸಬಾರದು. ಜಾತಿ ಕೇಳಿ ಒಳಗೆ ಬಿಡುತ್ತಿದ್ದ, ಬೇರೆ ಲೋಟದಲ್ಲಿ ಹೊರಗೆ ನಿಲ್ಲಿಸಿ ಕೊಡುತ್ತಿದ್ದ ಹೋಟೆಲುಗಳು ನಮ್ಮ ನಾಡಿನಲ್ಲಿದ್ದುವು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಟ್ಟು ಹೇಳಿ, ಜಾತಿ ಮತಗಳ ಕಾರಣದಿಂದ ಯಾರಿಗೂ ಅಲ್ಲಿ ಅಡ್ಡಿಯಾಗಕೂಡದೆಂದು ವಿಧಿಸಿತು. ನಾಡಿನ ಮೂಲಶಾಸನದಲ್ಲಿ ಹೋಟೆಲಿನ ಹೆಸರು ಏಕೆ ಬರಬೇಕಾಯಿತೆಂಬುದನ್ನು ಮಕ್ಕಳಿಗೆ ಹೇಳಿಕೊಡುವುದಕ್ಕೆ ಓಣಿಯ ಹೋಟೆಲಿಗಿಂತ ಒಳ್ಳೆಯ ತರಗತಿ ಕೋಣೆ ಇಲ್ಲ. ಮನೆಯಲ್ಲಿ ಬೇರೆ ಬೇರೆ ಅಡಿಗೆ ಉಣ್ಣುವವರು ಇಲ್ಲಿ ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿ ಉಣ್ಣುತ್ತಾರೆ.

ಆದರೆ ಈ ಹೋಟೆಲುಗಳ ಆಯುಷ್ಯ ಗಟ್ಟಿಯಾಗಿಲ್ಲ. ನೆಲದ ಬೆಲೆ ಏರಿದೆ; ಹಳೆಯ ಹೆಂಚಿನ ಕಟ್ಟಡ ಇಳಿದು ಹೊಸದು ಎದ್ದಾಗ ಅಲ್ಲಿಯ ಬಾಡಿಗೆ ಇವರಿಗೆ ಎಟುಕುವುದಿಲ್ಲ. ನಡೆಸುವವರ ಮಕ್ಕಳು ಓದಿ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗುತ್ತಾರೆ. ಹೋಗಬಾರದೆಂದು ಯಾರು ಹೇಳಿಯಾರು? ಬೆಳಗಿನ ಮೂರು ಗಂಟೆಗೆ ಎದ್ದು ಒಲೆಯ ಮುಂದೆ ನಿಲ್ಲುವ ಬದುಕನ್ನು ಮಕ್ಕಳಿಗೆ ಬಯಸುವ ತಂದೆ ಅಪರೂಪ. ಹೋಗುವುದು ಒಂದು ಅಂಗಡಿ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಅದರ ಜೊತೆಗೆ ಕೈಯ ವಿದ್ಯೆಯೂ ಹೋಗುತ್ತದೆ. ಮೂಡೆಯ ಕೆಲಸವನ್ನೇ ನೋಡಿ. ಕೇದಗೆಯ ಜಾತಿಗೆ ಸೇರಿದ ಮುಂಡುಗದ ಎಲೆಯನ್ನು ಕೊಯ್ದು, ಅಂಚಿನ ಮುಳ್ಳು ಸೀಳಿ, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಆಮೇಲೆ ಹಿಟ್ಟು ಹೊಯ್ದು ಬೇಯಿಸುವುದು ಸುಲಭ. ಎಲೆಯ ಕೆಲಸ ಕಲಿತ ಕೈಗಳು ಕಡಮೆಯಾದಂತೆ ಅದೇ ಹಿಟ್ಟು ಲೋಹದ ಲೋಟದಲ್ಲಿ ಬೆಂದು ಬರುತ್ತದೆ. ರೂಪ ಮೂಡೆಯದೇ, ಎಲೆಯ ಪರಿಮಳ ಇರುವುದಿಲ್ಲ.

16ನೆಯ ಶತಮಾನದಲ್ಲಿ ಮೂರನೆಯ ಮಂಗರಸ ಕವಿ ಅಡಿಗೆಯ ಕ್ರಮಗಳನ್ನು ‘ಸೂಪಶಾಸ್ತ್ರ’ವೆಂಬ ಹೆಸರಿನಲ್ಲಿ ಷಟ್ಪದಿಯಲ್ಲಿ ಕಟ್ಟಿಟ್ಟನು. ಬರೆದುದರಿಂದ ಅದು ಐದು ನೂರು ವರ್ಷ ದಾಟಿ ನಮ್ಮ ಕೈಗೆ ಬಂದಿದೆ. ಓಣಿಯ ಬಾಣಸಿಗರಿಗೆ ಅಂಥ ಕವಿ ಸಿಕ್ಕಿಲ್ಲ. ಎಷ್ಟು ಹುಳಿ, ಎಷ್ಟು ಕಾವು, ಹಿಟ್ಟು ಬೆರಳಿನಿಂದ ಯಾವ ಹದಕ್ಕೆ ಇಳಿಯಬೇಕು ಎಂಬುದು ಅವರ ಕೈಯಲ್ಲಿಯೇ ಇದೆ. ಅದನ್ನು ಕಾಪಾಡುವ ಗ್ರಂಥಭಂಡಾರವೆಂದರೆ ದಿನವೂ ಹೊತ್ತಿಗೆ ಸರಿಯಾಗಿ ಬಂದು ಕೂರುವ ಗಿರಾಕಿ. ಗಿರಾಕಿ ಇದ್ದರೆ ನಾಳೆಗೂ ಹಿಟ್ಟು ಕಲಸುತ್ತಾರೆ. ಹಿಟ್ಟು ಕಲಸುವುದನ್ನು ನೋಡಿ ಪಕ್ಕದ ಹುಡುಗನೊಬ್ಬ ಕಲಿಯುತ್ತಾನೆ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದೆ ಎಂದಾದರೂ ಮಂಗಳೂರಿಗೆ ಹೋದಾಗ ಹೆಸರಾಂತ ಹೋಟೆಲಿಗೂ ಹೋಗಿ, ಬೇಡವೆನ್ನುವುದಿಲ್ಲ. ಒಂದು ದಿನ ಮಾತ್ರ ಹೀಗೆ ಕಳೆಯಿರಿ: ಬೆಳಿಗ್ಗೆ ಏಳಕ್ಕೆ ರಥಬೀದಿಯ ಸುತ್ತಿನ ಒಂದು ಓಣಿ, ಮಧ್ಯಾಹ್ನ ಒಂದಕ್ಕೆ ಬಂದರು, ಸಂಜೆ ನಾಲ್ಕಕ್ಕೆ ಬಾಣಲೆಯ ಸದ್ದು ಕೇಳಿದ ಕಡೆ. ಹೆಸರುಹಲಗೆ ಓದುವುದಕ್ಕಿಂತ ಬೆಂಚಿನ ಮೇಲೆ ಯಾರು ಕುಳಿತಿದ್ದಾರೆಂದು ನೋಡಿ. ಜೊತೆಗೆ ಮಕ್ಕಳಿದ್ದರೆ ತಿಂದ ತಿಂಡಿಯ ಹೆಸರನ್ನು ಊರಿನವರು ಉಚ್ಚರಿಸುವ ಹಾಗೆಯೇ ಹೇಳಿಸಿ. ಏಳುವಾಗ, ರುಚಿಯಾಗಿದ್ದರೆ ‘ಚೆನ್ನಾಗಿತ್ತು’ ಎಂಬ ಮಾತನ್ನು ಅಡಿಗೆಯವರ ಕಿವಿಗೆ ಬೀಳುವಂತೆ ಹೇಳಿ, ನಾಳೆ ಎಷ್ಟು ಹೊತ್ತಿಗೆ ಒಲೆ ಹೊತ್ತುತ್ತದೆಂದು ಕೇಳಿಕೊಂಡು ಬನ್ನಿ.